ಕೆಳಗಿಳಿಯದ ದಿನಗಳು

3 ಮಾರ್ಚ್

ಅಕ್ಕಾ,

ನಿನ್ನ ಪತ್ರ ಬಂದು ಹನ್ನೊಂದು ದಿನವಾಯಿತು. ಬೈಯಬೇಡ. ಸಂಜೆ ಇಳಿದು ಬಂದರೆ ಬೆರಳುಗಳು ಇನ್ನೂ ಕ್ರೇನಿನ ಹಿಡಿಕೆ ಹಿಡಿದಂತೆಯೇ ಮಡಚಿಕೊಂಡಿರುತ್ತವೆ. ಪೆನ್ನು ಹಿಡಿಯಬೇಕಾದರೆ ಬಿಸಿನೀರಲ್ಲಿ ಅದ್ದಿ ಬಿಡಿಸಬೇಕು. ಫೋನ್ ಮಾಡೋಣವೆಂದರೆ ಆಸ್ಪತ್ರೆ ಲಾಂಡ್ರಿಯ ಯಂತ್ರಗಳು ನಿನ್ನ ಕಿವಿ ತಿಂದು ಹಾಕಿವೆ. ಮೆಸೇಜು ಕಳಿಸೋಣವೆಂದರೆ ಬಟ್ಟೆ ಸೋಡಾ ತಿಂದುಹಾಕಿದ ನಿನ್ನ ಬೆರಳಿನ ತುದಿಯನ್ನು ಫೋನಿನ ಗಾಜು ಗುರುತೇ ಹಿಡಿಯುವುದಿಲ್ಲ. ಪುಣ್ಯಕ್ಕೆ ಅಂಚೆಯವನು ಇನ್ನೂ ಇದ್ದಾನೆ. ಕಾಗದದ ಮೇಲೆ ಸೈಟ್ ಆಫೀಸಿನ ವಿಳಾಸ, ನಂಬರು ಅಚ್ಚಾಗಿರುವುದನ್ನು ನೋಡಿ ಗಾಬರಿಯಾಗಬೇಡ. ಕಾಗದ ಮಾತ್ರ ಅವರದು, ಎಗರಿಸಿಕೊಂಡು ಬಂದಿದ್ದು. ಮಾತೆಲ್ಲ ನನ್ನದೇ.

ಹೊಸ ಸೈಟಿನ ಕ್ರೇನು ಹಳೆಯದಕ್ಕಿಂತ ಎತ್ತರ. ಏಣಿಗೆ ಇನ್ನೂರ ಹನ್ನೆರಡು ಮೆಟ್ಟಿಲು. ಬೆಳಿಗ್ಗೆ ಏಳಕ್ಕೆ ಹತ್ತಿದರೆ ಸಂಜೆ ಐದೂವರೆಗೆ ಇಳಿಯುವುದು. ಕ್ಯಾಬಿನ್ನಿನಲ್ಲಿ ಒಂದು ಕುರ್ಚಿ, ಎರಡು ಹಿಡಿಕೆ, ಕಾಲ ಕೆಳಗೆ ಗಾಜು, ಅಷ್ಟೇ. ಮೊಣಕಾಲು ಚಾಚಿದರೆ ಗೋಡೆ. ನನಗಿಂತ ಮುಂಚೆ ಇದ್ದ ಗಂಡಸು ಒಂದು ಬಾಟಲಿ ಇಟ್ಟುಕೊಂಡು ದಿನ ದೂಡುತ್ತಿದ್ದನಂತೆ. ನನಗೆ ಆ ಸೌಭಾಗ್ಯವಿಲ್ಲ.

ಡಿಸೆಂಬರಿನಲ್ಲಿ ಏನಾಯಿತೆಂದು ನಿನಗೆ ಬರೆದಿರಲಿಲ್ಲ. ಹನ್ನೊಂದು ಗಂಟೆಗೆ ಮುಟ್ಟಾಯಿತು, ಐದು ದಿನ ಮುಂಚೆ. ಕೊಕ್ಕೆಯಲ್ಲಿ ಕಾಂಕ್ರೀಟಿನ ತೊಟ್ಟಿ ತೂಗುತ್ತಿತ್ತು. ಅದನ್ನು ಇಳಿಸಿ, ನಾನು ಇಳಿದು, ಮತ್ತೆ ಹತ್ತುವುದರೊಳಗೆ ಐವತ್ತು ನಿಮಿಷ. ನಾನು ನಿಂತರೆ ಇಡೀ ಸೈಟು ನಿಲ್ಲುತ್ತದೆ ಅಕ್ಕಾ. ಮೇಸ್ತ್ರಿ ವಾಕಿಟಾಕಿಯಲ್ಲೇ ಕೇಳಿದ: "ಏನಮ್ಮಾ, ಮತ್ತೆ ಇಳೀತಿದೀಯಾ? ಏನ್ ಸಮಾಚಾರ?" ಆ ಚಾನಲ್ಲನ್ನು ನಲವತ್ತು ಜನ ಕೇಳುತ್ತಾರೆ. ಒಬ್ಬ ನಕ್ಕ. ಒಂಬತ್ತು ವರ್ಷದಲ್ಲಿ ಒಂದು ಹೊರೆಯನ್ನೂ ಕೈಬಿಟ್ಟವಳಲ್ಲ ನಾನು, ಅವತ್ತು ತೊಟ್ಟಿ ಇಳಿಸುವಾಗ ಎರಡು ಸಲ ಗುರಿ ತಪ್ಪಿದೆ.

ಜನವರಿಯಿಂದ ಮಾತ್ರೆ ಶುರು ಮಾಡಿದ್ದೇನೆ. ಮಕ್ಕಳಾಗದಂತೆ ತೆಗೆದುಕೊಳ್ಳುತ್ತಾರಲ್ಲ, ಅದೇ. ಇಪ್ಪತ್ತೊಂದು ಮಾತ್ರೆಯ ಪಟ್ಟಿ ಮುಗಿದ ಮೇಲೆ ಏಳು ದಿನ ಬಿಡಬೇಕು, ಆಗ ಮುಟ್ಟಾಗುತ್ತದೆ. ನಾನು ಬಿಡುವುದೇ ಇಲ್ಲ. ಮರುದಿನವೇ ಹೊಸ ಪಟ್ಟಿ. ಎರಡು ತಿಂಗಳಿಂದ ನೆಮ್ಮದಿಯಾಗಿದ್ದೇನೆ. ರೂಮಿನಲ್ಲಿ ನನ್ನ ಜೊತೆ ಇರುವವಳು ಹೇಳಿಕೊಟ್ಟಿದ್ದು. ವೆಲ್ಡಿಂಗ್ ಕೆಲಸದವಳು, ನಾವೆಲ್ಲ ವೆಲ್ಡರ್ ಅಂತಲೇ ಕರೆಯುತ್ತೇವೆ. ಆದರೂ ಒಳಗೊಳಗೇ ಪುಕಪುಕ. ನೀನು ಆಸ್ಪತ್ರೆಯಲ್ಲಿ ಇರುವವಳು, ಇದರಿಂದ ಏನಾದರೂ ಆಗುತ್ತದಾ ಅಂತ ಮೂರನೇ ವಾರ್ಡಿನ ಆ ನರ್ಸಮ್ಮನನ್ನು ಕೇಳಿ ಬರೆ.

ಇವತ್ತು ಬೆಳಿಗ್ಗೆ ಒಂದು ಹದ್ದು ನನ್ನ ಗಾಜಿನ ಕೆಳಗೆ ಹಾರಿಹೋಯಿತು. ಅಮ್ಮ ನನ್ನನ್ನು ಎತ್ತಿಕೊಂಡು ಮಹಡಿ ಹತ್ತಿ ಹದ್ದು ತೋರಿಸುತ್ತಿದ್ದಳು ಅಂತ ನೀನು ಹೇಳುತ್ತಿದ್ದೆಯಲ್ಲ, ನೆನಪಾಯಿತು. ಅಮ್ಮ ಹಚ್ಚಿದ ಚಟವೇ ನನ್ನನ್ನು ಇಷ್ಟು ಮೇಲೆ ಹತ್ತಿಸಿರುವುದು ಅಂತ ಎಲ್ಲರಿಗೂ ಹೇಳಿಕೊಂಡು ತಿರುಗುತ್ತೇನೆ.

ನಿನ್ನ ಮೊಂಡಿ


14 ಮಾರ್ಚ್

ಮೊಂಡೀ,

ನಾನು ಯಾರನ್ನೂ ಕೇಳಲಿಲ್ಲ. ಕೇಳುವುದೇನಿದೆ? ಇಪ್ಪತ್ತೇಳು ವರ್ಷದಿಂದ ಈ ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುತ್ತಿದ್ದೇನೆ. ಹೆಂಗಸರ ರಕ್ತದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ತಣ್ಣೀರಲ್ಲಿ ಹೋಗುವುದು ಯಾವುದು, ಎಷ್ಟು ಕುದಿಸಿದರೂ ಕಲೆ ಉಳಿಯುವುದು ಯಾವುದು ಅಂತ ಕಣ್ಣುಮುಚ್ಚಿ ಹೇಳುತ್ತೇನೆ.

ತಿಂಗಳಿಗೊಮ್ಮೆ ಹೊರಗೆ ಹೋಗಬೇಕಾದ್ದು ಒಳಗೇ ನಿಂತರೆ ಏನಾಗಬೇಡ? ನಮ್ಮ ದೊಡ್ಡ ಯಂತ್ರದ ಡ್ರೈನಿಗೆ ಒಂದು ಕೈಚೌಕ ಸಿಕ್ಕಿಕೊಂಡರೆ ಸಾಕು, ಕೊಳೆನೀರು ಮೇಲೆ ಬಂದು ನೆಲವೆಲ್ಲ ಹೊಲಸು. ನೀನು ಬೇಕೆಂದೇ ಡ್ರೈನಿಗೆ ಬಟ್ಟೆ ತುರುಕುತ್ತಿದ್ದೀಯ. ಒಳಗೆ ನಿಂತದ್ದು ಗಂಟಾಗುತ್ತದೆ, ಕೆಡುತ್ತದೆ. ಇವತ್ತೇ ನಿಲ್ಲಿಸು.

ಮೇಸ್ತ್ರಿ ಕೇಳಿದರೆ ಹೊಟ್ಟೆನೋವು ಅನ್ನು. ನಾವೆಲ್ಲ ಹಾಗೇ ಹೇಳಿಕೊಂಡು ಬಂದವರು. ನಾಚಿಕೆಗೆ ಹೆದರಿ ಮೈ ಹಾಳು ಮಾಡಿಕೊಳ್ಳುತ್ತಾರಾ?

ನನ್ನ ಸೊಂಟ ಇದ್ದ ಹಾಗೇ ಇದೆ. ಇಸ್ತ್ರಿಯ ಉರುಳೆ ಎರಡು ದಿನ ಕೆಟ್ಟಿತ್ತು, ಮುನ್ನೂರು ಚಾದರ ಕೈಯಲ್ಲೇ ಮಡಚಿದೆವು. ಸುಸ್ತು ಅನ್ನುವುದಕ್ಕೂ ಸುಸ್ತಾಗಿದೆ.

ಅಕ್ಕ


29 ಮಾರ್ಚ್

ಅಕ್ಕಾ,

ನಿನ್ನ ಡ್ರೈನಿನ ಕಥೆಗೆ ನಿಜವಾಗಿಯೂ ಹೆದರಿದೆ. ಎರಡು ದಿನ ಹೊಟ್ಟೆ ಮುಟ್ಟಿ ಮುಟ್ಟಿ ನೋಡಿಕೊಂಡೆ. ವೆಲ್ಡರ್ ತಡೆಯಲಾರದೆ ರಜೆಯ ದಿನ ದರದರ ಎಳೆದುಕೊಂಡು ಡಾಕ್ಟರಮ್ಮನ ಹತ್ತಿರ ಹೋದಳು. ಅಂಗಡಿಯಲ್ಲಿ ನಾನೇ ಕೊಂಡು ನುಂಗುತ್ತಿದ್ದೆನಲ್ಲ, ಅದಕ್ಕೆ ಮೊದಲು ಚೆನ್ನಾಗಿ ಬೈಸಿಕೊಂಡೆ. ಆಮೇಲೆ ನಿನ್ನ ಡ್ರೈನಿನ ವಿಷಯ ಹೇಳಿದೆ. ಆಕೆ ಪೆನ್ನು ಕೆಳಗಿಟ್ಟು ನಕ್ಕಳು ಮಾರಾಯ್ತಿ.

"ಒಳಗೆ ಏನೂ ನಿಲ್ಲಲ್ಲಮ್ಮ," ಅಂದಳು. "ಈ ಮಾತ್ರೆ ತಗೊಳ್ವಾಗ ಗರ್ಭಕೋಶದ ಒಳಪದರ ದಪ್ಪ ಆಗೋದೇ ಇಲ್ಲ. ಹೊರಗೆ ಹೋಗೋಕೆ ಅಂತ ಏನಾದ್ರೂ ತಯಾರಾದ್ರೆ ತಾನೇ ನಿಲ್ಲೋದು? ಆ ಏಳು ದಿನ ಬಿಟ್ಟಾಗ ಬರೋದೂ ನಿಜವಾದ ಮುಟ್ಟಲ್ಲ, ಮಾತ್ರೆ ಬಿಟ್ಟಿದ್ದಕ್ಕೆ ಬರೋದು." ತಿಂಗಳುಗಟ್ಟಲೆ ಬಿಡದೆ ತೆಗೆದುಕೊಂಡರೂ ಹೆಚ್ಚಿನವರಿಗೆ ತೊಂದರೆಯಿಲ್ಲವಂತೆ. ಮೊದಮೊದಲು ಮಧ್ಯೆ ಮಧ್ಯೆ ಸ್ವಲ್ಪ ಕಲೆ ಕಾಣಬಹುದು, ಅಷ್ಟೇ. "ಆದ್ರೆ ಹೆಚ್ಚಿನವರಿಗೆ ಅಂದೆ, ಎಲ್ಲರಿಗೂ ಅನ್ನಲಿಲ್ಲ," ಅಂತ ಬೆರಳೆತ್ತಿ ಹೇಳಿದಳು.

ಆಮೇಲೆ ಪರೀಕ್ಷೆಗೆ ಕೂರಿಸಿದ ಹಾಗೆ ಪ್ರಶ್ನೆಗಳು. ಸಿಗರೇಟು ಸೇದುತ್ತೀಯಾ, ತಲೆನೋವು ಬರುವ ಮುಂಚೆ ಕಣ್ಣಿಗೆ ಅಂಕುಡೊಂಕು ಬೆಳಕು ಕಾಣುತ್ತದಾ, ಕಾಮಾಲೆ ಆಗಿತ್ತಾ. ಬಿ.ಪಿ. ನೋಡಿದಳು, ಸರಿಯಾಗಿದೆ. ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದು ನಿನಗೆ, ಅಮ್ಮನಿಗೆ, ಅಕ್ಕತಂಗಿಯರಿಗೆ ಯಾರಿಗಾದರೂ ಇತ್ತಾ ಅಂತ ಎರಡೆರಡು ಸಲ ಕೇಳಿದಳು. ಇಲ್ಲ ಅಂದೆ. ಅಮ್ಮ ಹೇಗೆ ಹೋದರು ಅಂದಳು. ನನಗೆ ಒಂದೂವರೆ ವರ್ಷವಿದ್ದಾಗ ಜ್ವರ ಬಂದು ಹೋದಳು, ಅಕ್ಕ ಲಾಂಡ್ರಿಯಲ್ಲಿ ಗುಂಡುಕಲ್ಲಿನ ಹಾಗೆ ಇದ್ದಾಳೆ ಅಂದೆ. "ಹಾಗಾದ್ರೆ ಸರಿ," ಅಂತ ಬರೆದುಕೊಟ್ಟಳು.

ನೀರು ಚೆನ್ನಾಗಿ ಕುಡಿ, ಗಂಟೆಗೊಮ್ಮೆ ಎದ್ದು ಓಡಾಡು ಅಂದಳು. ಎಲ್ಲಿ ಓಡಾಡಲಿ? ಅರವತ್ತು ಮೀಟರ್ ಮೇಲೆ, ಬೀರುವಿನಷ್ಟು ಜಾಗದಲ್ಲಿ? ನೀರು ಕುಡಿದರೆ ಇಳಿಯಬೇಕು, ಹಾಗಾಗಿ ಮೂರು ಗಂಟೆಯವರೆಗೆ ಬಾಯಿ ಒಣಗಿಸಿಕೊಂಡೇ ಇರುತ್ತೇನೆ. ಅದನ್ನು ಆಕೆಗೆ ಹೇಳಲಿಲ್ಲ. ಒಂದೇ ಕಾಲು ಊದಿದರೆ, ಎದೆ ನೋವು, ಉಸಿರು ಕಟ್ಟುವುದು ಏನಾದರೂ ಆದರೆ ಓಡಿ ಬಾ ಅಂತಲೂ ಹೇಳಿದಳು.

ಒಟ್ಟಿನಲ್ಲಿ ಈ ವಿಷಯ ಇಲ್ಲಿಗೆ ಮುಗಿಯಿತು. ಇನ್ನು ಮೇಲೆ ನಿನ್ನ ಯಂತ್ರಕ್ಕೂ ನನ್ನ ಹೊಟ್ಟೆಗೂ ಸಂಬಂಧ ಕಟ್ಟಬೇಡ.

ಮೊಂಡಿ


2 ಮೇ

ಮೊಂಡೀ,

ನಿನ್ನ ಪತ್ರ ಏಪ್ರಿಲ್ ನಾಲ್ಕಕ್ಕೇ ಬಂದಿತ್ತು. ಕೆಲಸ ಜಾಸ್ತಿ. ಹೊಸ ಯಂತ್ರ ತಂದು ಕೂರಿಸಿದರು, ಅದರ ಗುಂಡಿಗಳು ಒಂದೂ ನನ್ನ ಬೆರಳಿಗೆ ಬಗ್ಗುವುದಿಲ್ಲ. ಹೊದಿಕೆಗಳನ್ನೆಲ್ಲ ಎಣಿಸಿ ಹರಿದವನ್ನು ಬೇರೆ ಮಾಡಬೇಕಿತ್ತು. ಹೀಗೇ ದಿನ ಹೋಯಿತು.

ಡ್ರೈನಿನ ಮಾತು ಬಿಡು. ಅದು ನನ್ನ ಪೆದ್ದುತನ. ನರ್ಸಮ್ಮನನ್ನು ಕೇಳಿದೆ, ಅವಳೂ ನಿನ್ನ ಡಾಕ್ಟರಮ್ಮ ಹೇಳಿದ್ದನ್ನೇ ಹೇಳಿದಳು.

ಆದರೂ ಆ ಮಾತ್ರೆ ಬಿಟ್ಟುಬಿಡು. ಕಾರಣ ಕೇಳಬೇಡ, ನನಗೋಸ್ಕರ ಅಂದುಕೋ. ಕೇಳಲೇಬೇಕು ಅಂದರೆ ಹೇಳುತ್ತೇನೆ. ರಕ್ತ ಹೆಪ್ಪುಗಟ್ಟುವುದು ಅಂತ ಕೇಳಿದಳಲ್ಲ, ಅದು ನಮ್ಮ ಕಡೆಯೂ ಇದೆ. ಅತ್ತೆಯ ಓರಗಿತ್ತಿಗೆ ಹಾಗಾಗಿತ್ತಂತೆ. ಡಾಕ್ಟರಮ್ಮನಿಗೆ ಹೋಗಿ ಮನೆಯಲ್ಲಿ ಒಬ್ಬರಿಗೆ ಇತ್ತು ಅಂತ ಹೇಳು. ಯಾರು, ಏನು ಅಂತ ವಿವರಕ್ಕೆ ಹೋಗಬೇಡ. ಒಬ್ಬರಿಗೆ ಇತ್ತು, ಅಷ್ಟು ಸಾಕು.

ಕೆಳಗೆ ಒಂದು ಸಾಲು ಬರೆದು ಹೊಡೆದುಹಾಕಿದ್ದೇನೆ. ಓದಲು ಹೋಗಬೇಡ.

ಅಕ್ಕ


11 ಮೇ

ಅಕ್ಕಾ,

ಒಂದು ತಿಂಗಳು ಕಾಯಿಸಿ ಇದನ್ನಾ ಬರೆಯುವುದು? ಮೊದಲು ಡ್ರೈನು. ಅದು ಕೆಲಸಕ್ಕೆ ಬಾರದೆ ಹೋದಾಗ ಅತ್ತೆಯ ಓರಗಿತ್ತಿ. ಅತ್ತೆ ನಮ್ಮನ್ನು ಸಾಕಿದಳು, ಸರಿ. ಅವಳ ಓರಗಿತ್ತಿಗೂ ನಮ್ಮ ರಕ್ತಕ್ಕೂ ಏನು ಸಂಬಂಧ? ಆಕೆಯ ಕಾಲು ಹೆಪ್ಪುಗಟ್ಟಿದರೆ ನನ್ನ ಕಾಲಿಗೇನು? ಡಾಕ್ಟರಮ್ಮನ ಮುಂದೆ ಇದನ್ನು ಹೇಳಿದರೆ ಈ ಸಲ ಪೆನ್ನಿನ ಜೊತೆ ಕನ್ನಡಕವನ್ನೂ ಕೆಳಗಿಟ್ಟು ನಗುತ್ತಾಳೆ.

ನೀನು ನನ್ನನ್ನು ಸಾಕಿದವಳು, ಇಲ್ಲ ಅನ್ನುವುದಿಲ್ಲ. ಆದರೆ ನನಗೆ ಮೂವತ್ತನಾಲ್ಕು ವರ್ಷ. ನನ್ನ ಕೊಕ್ಕೆಯಲ್ಲಿ ದಿನಕ್ಕೆ ನೂರು ಟನ್ನು ತೂಗುತ್ತದೆ, ಅದರ ಕೆಳಗೆ ಜನ ಓಡಾಡುತ್ತಾರೆ, ನನ್ನನ್ನು ನಂಬಿಕೊಂಡು. ನನಗೆ ಒಂದು ವಿಷಯ ತಿಳಿಸಬೇಕಾದರೆ ನೇರವಾಗಿ ತಿಳಿಸು. ಹೀಗೆ ಕಥೆ ಕಟ್ಟಿ ಹೆದರಿಸಬೇಡ. ನಿನ್ನ ಮಾತನ್ನು ನಂಬುವುದೋ ಬಿಡುವುದೋ ಅಂತಲೇ ಗೊತ್ತಾಗದ ಹಾಗೆ ಮಾಡಿದ್ದೀಯ. ಅದಕ್ಕೇ ನಂಬುವುದಿಲ್ಲ ಅಂತ ತೀರ್ಮಾನಿಸಿದ್ದೇನೆ.

ಹೊಡೆದುಹಾಕಿದ ಸಾಲನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. 'ಕಾಲು' ಅನ್ನುವುದೊಂದು ಕಾಣಿಸಿತು. ನೀನು ಹೊಡೆದುಹಾಕುವುದರಲ್ಲೂ ಗಟ್ಟಿಗಿತ್ತಿ.

ಕಾಲು ಅಂದಮೇಲೆ ನೆನಪಾಯಿತು. ಒಂದು ವಾರದಿಂದ ಎಡಗಾಲಿನ ಮೀನಖಂಡ ಹಿಡಿದುಕೊಂಡಿದೆ. ಹೊಸ ಕುರ್ಚಿಯ ಅಂಚು ಒತ್ತಿ ಹಾಗಾಗಿರಬೇಕು. ಎಡಗಡೆಯ ಬೂಟಿಗೆ ಮೇಲಿನ ಎರಡು ತೂತು ಬಿಟ್ಟು ಲೇಸು ಕಟ್ಟುತ್ತಿದ್ದೇನೆ. ಡಾಕ್ಟರಮ್ಮ ಹೇಳಿದ್ದು ನೆನಪಿಲ್ಲ ಅಂತಲ್ಲ. ಆದರೆ ಆಕೆ ಹೇಳಿದ್ದು ಮನೆಯಲ್ಲಿ ಯಾರಿಗಾದರೂ ಹೆಪ್ಪುಗಟ್ಟಿದ್ದು ಇದ್ದರೆ, ನಮ್ಮ ಮನೆಯಲ್ಲಿ ಅದಿಲ್ಲವಲ್ಲ. ರಜೆ ಕೇಳಿದರೆ ಮೇಸ್ತ್ರಿ ಮತ್ತೆ ಚಾನಲ್ಲಿನಲ್ಲಿ ಶುರುಮಾಡುತ್ತಾನೆ. ವೆಲ್ಡರ್ ದಿನಾ ಸಂಜೆ ಎಣ್ಣೆ ಹಚ್ಚಿ ಒತ್ತುತ್ತಾಳೆ. ಕಬ್ಬಿಣ ಹಿಡಿದ ಕೈ ಅಲ್ಲವಾ, ಹಿತವಾಗುತ್ತದೆ.

ಕೋಪದಲ್ಲಿ ಬರೆದಿದ್ದೇನೆ, ಹಾಗೇ ಅಂಚೆಗೆ ಹಾಕುತ್ತಿದ್ದೇನೆ.

ಮೊಂಡಿ


18 ಮೇ

ಮೊಂಡೀ, ನನ್ನ ಕಂದಾ,

ಈ ಪತ್ರ ತಲುಪುವ ಹೊತ್ತಿಗೆ ನೀನು ಆಸ್ಪತ್ರೆಯಲ್ಲಿರುತ್ತೀಯ. ಇರಬೇಕು.

ನಿನ್ನ ಪತ್ರ ಇವತ್ತು ಹನ್ನೊಂದು ಗಂಟೆಗೆ ಬಂತು. ಕೊನೆಯ ಸಾಲುಗಳನ್ನು ಓದಿ, ಒದ್ದೆ ಕೈಯಲ್ಲೇ ಮೂರನೇ ವಾರ್ಡಿಗೆ ಓಡಿದೆ. ನರ್ಸಮ್ಮನಿಗೆ ಪತ್ರ ತೋರಿಸಿದೆ. ಅವಳು ಓದಿ ಮುಗಿಸುವ ಮುಂಚೆಯೇ ಫೋನು ತೆಗೆದಳು. ನಿನ್ನ ನಂಬರಿಗೆ ಐದು ಸಲ ಮಾಡಿದಳು, ನಿನ್ನ ಫೋನು ಕೆಳಗೆ ಪೆಟ್ಟಿಗೆಯಲ್ಲಿರುತ್ತದಲ್ಲ. ಆಮೇಲೆ ಕಾಗದದ ಮೇಲಿರುವ ಆಫೀಸಿನ ನಂಬರಿಗೆ ಮಾಡಿದಳು. ನನಗೆ ಏನೂ ಕೇಳುವುದಿಲ್ಲ. ಅವಳ ತುಟಿಯನ್ನೇ ನೋಡುತ್ತಾ ನಿಂತಿದ್ದೆ. "ಕಾಲು", "ಒತ್ತಬೇಡಿ", "ಈಗ್ಲೇ" ಅನ್ನುವುದು ಕಂಡಿತು. ಕೊನೆಗೆ ನನ್ನ ಕಡೆ ತಿರುಗಿ, "ಇಳಿಸ್ತಿದಾರೆ," ಅಂದಳು. ಅಲ್ಲೇ ಕೊಳೆ ಬಟ್ಟೆಯ ಬುಟ್ಟಿಯ ಮೇಲೆ ಕೂತುಬಿಟ್ಟೆ.

ಡಾಕ್ಟರು ಕೇಳಿದರೆ ಓರಗಿತ್ತಿ ಅನ್ನಬೇಡ. ಅಮ್ಮ ಅನ್ನು.

ನಿನಗೆ ಒಂದೂವರೆ ವರ್ಷವಿದ್ದಾಗ ಅಮ್ಮ ಹೋಗಲಿಲ್ಲ. ನೀನು ಹುಟ್ಟಿ ಹನ್ನೆರಡು ದಿನವಾಗಿತ್ತು. ಜ್ವರವೂ ಅಲ್ಲ. ಎಂಟನೇ ದಿನ ಅವಳ ಎಡಗಾಲು ಊದಿತು. ಮುಟ್ಟಿದರೆ ಬೆಚ್ಚಗಿತ್ತು, ಚರ್ಮ ಹೊಳೆಯುತ್ತಿತ್ತು. ಅತ್ತೆ, "ಬಾಣಂತಿ ಕಾಲು, ಎಲ್ರಿಗೂ ಊದುತ್ತೆ," ಅಂದಳು. ಅಪ್ಪ ನಾಳೆ ಡಾಕ್ಟರನ್ನು ಕರೆಯೋಣ ಅಂದ. ನಾಲ್ಕು ನಾಳೆ ಹೋಯಿತು.

ಹನ್ನೆರಡನೇ ದಿನ ಮಧ್ಯಾಹ್ನ ನಾನು ಶಾಲೆಯಿಂದ ಬಂದೆ. ನನಗೆ ಒಂಬತ್ತು ವರ್ಷ. ನೀನು ತೊಟ್ಟಿಲಲ್ಲಿದ್ದೆ. ಅಮ್ಮ, "ಸ್ವಲ್ಪ ಕಾಲು ಒತ್ತೇ ಪುಟ್ಟಾ," ಅಂದಳು. ಒತ್ತಿದೆ. "ಇನ್ನೂ ಗಟ್ಟಿಯಾಗಿ," ಅಂದಳು. ಮಂಚದ ಮೇಲೆ ಮೊಣಕಾಲೂರಿ ಎರಡೂ ಕೈಯಲ್ಲಿ ಒತ್ತಿದೆ. "ಹಿತವಾಗ್ತಿದೆ," ಅಂದಳು. ನೀನೂ ಅದೇ ಮಾತು ಬರೆದಿದ್ದೀಯ. ಆಮೇಲೆ ಎದ್ದು ಕೂತು ನೀರು ಕೇಳಿದಳು. ನಾನು ಲೋಟ ತರುವುದರೊಳಗೆ ಎದೆ ಹಿಡಿದುಕೊಂಡು ಒರಗಿದ್ದಳು. ಉಸಿರು ಎಳೆದುಕೊಳ್ಳುತ್ತಾ ನನ್ನನ್ನೇ ನೋಡಿದಳು. ಅಷ್ಟೇ.

ಮಗು ಬಂದು ತಾಯಿಯನ್ನು ನುಂಗಿತು ಅಂತ ನಿನ್ನನ್ನು ಯಾರೂ ಅನ್ನಬಾರದು ಅಂತ ಅತ್ತೆ ಜ್ವರದ ಕಥೆ ಕಟ್ಟಿದಳು. ನಮ್ಮನ್ನು ಕರೆದುಕೊಂಡು ಬೇರೆ ಊರಿಗೆ ಬಂದಳು, ಅಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ನಿನಗೋಸ್ಕರ ಅಂತ ನಾನೂ ಸುಳ್ಳು ಹೇಳುತ್ತಾ ಬಂದೆ. ಆಮೇಲಾಮೇಲೆ ನನಗೋಸ್ಕರವೂ ಆಯಿತು. ಇಲ್ಲಿ ಕೆಲಸಕ್ಕೆ ಸೇರಿ ಕೆಲವು ವರ್ಷವಾದ ಮೇಲೆ ಒಂದು ದಿನ ಚಾದರ ಬದಲಿಸಲು ಹೋದಾಗ ಒಂದು ಮಂಚಕ್ಕೆ ಚೀಟಿ ಕಟ್ಟಿದ್ದರು, 'ಈ ಕಾಲನ್ನು ಒತ್ತಬಾರದು, ಉಜ್ಜಬಾರದು' ಅಂತ. ಯಾಕೆ ಅಂತ ಕೇಳಿದೆ. ಒತ್ತಿದರೆ ಹೆಪ್ಪು ಕಳಚಿಕೊಂಡು ಎದೆಗೆ ಹೋಗಬಹುದು ಅಂದರು. ಅವತ್ತು ಕೆಂಪು ಹೊದಿಕೆಗಳನ್ನು ಬಿಳಿ ಚಾದರಗಳ ಜೊತೆ ಕುದಿಸಿಬಿಟ್ಟೆ. ಒಂದು ತಿಂಗಳು ಇಡೀ ಆಸ್ಪತ್ರೆ ಗುಲಾಬಿ ಬಣ್ಣದ ಚಾದರದ ಮೇಲೆ ಮಲಗಿತ್ತು. ಯಾಕೆ ಹಾಗಾಯಿತು ಅಂತ ಯಾರಿಗೂ ಹೇಳಲಿಲ್ಲ.

ಡಾಕ್ಟರಮ್ಮ ಎರಡೆರಡು ಸಲ ಕೇಳಿದ ಪ್ರಶ್ನೆಗೆ ನೀನು ಇಲ್ಲ ಅಂದೆಯಲ್ಲ, ಆ ಇಲ್ಲವನ್ನು ನಿನ್ನ ಬಾಯಲ್ಲಿ ಇಟ್ಟವಳು ನಾನು. ಏಪ್ರಿಲ್ ನಾಲ್ಕರಂದೇ ಹೇಳಬೇಕಿತ್ತು. ದಿನಾ ಪೆನ್ನು ಹಿಡಿದೆ, ದಿನಾ ಕೆಳಗಿಟ್ಟೆ. ಕೊನೆಗೆ ಓರಗಿತ್ತಿಯನ್ನು ಹುಡುಕಿ ತಂದೆ. 'ಕಾಲು ನೋವಾದರೆ ಯಾರ ಕೈಲೂ ಒತ್ತಿಸಿಕೊಳ್ಳಬೇಡ' ಅಂತ ಬರೆದು, ನೀನು ಯಾಕೆ ಅಂತ ಕೇಳುತ್ತೀಯ ಅಂತ ಹೆದರಿ ಹೊಡೆದುಹಾಕಿದೆ. ಅಮ್ಮನ ವಿಷಯದಲ್ಲಿ ನನಗೆ ಏನೂ ಗೊತ್ತಿರಲಿಲ್ಲ. ನಿನ್ನ ವಿಷಯದಲ್ಲಿ ಎಲ್ಲ ಗೊತ್ತಿತ್ತು.

ಮಹಡಿಯ ಮೇಲೆ ಅಮ್ಮ ಹದ್ದು ತೋರಿಸಿದ್ದೂ ಸುಳ್ಳೇ. ಅಮ್ಮ ನಿನ್ನನ್ನು ಎತ್ತಿಕೊಂಡು ಎಲ್ಲಿಗೂ ಹೋಗಲಿಲ್ಲ. ಅವಳಿಗೆ ಮಂಚ ಬಿಟ್ಟು ಇಳಿಯಲಾಗಿರಲಿಲ್ಲ. ಅದನ್ನೂ ಹೇಳಿಬಿಡುತ್ತೇನೆ, ಇನ್ನೇನೂ ಉಳಿಸಿಕೊಳ್ಳುವುದಿಲ್ಲ.

ಬದುಕಿರು. ಆಮೇಲೆ ನನ್ನನ್ನು ಎಷ್ಟು ಬೇಕಾದರೂ ಬೈ.

ಅಕ್ಕ


2 ಜೂನ್

ಅಕ್ಕಾ,

ಬದುಕಿದ್ದೇನೆ. ವೆಲ್ಡರ್ ನರ್ಸಮ್ಮನಿಗೆ ಫೋನಿನಲ್ಲಿ ಅಷ್ಟು ತಿಳಿಸಿದ್ದಾಳೆ, ಮಿಕ್ಕಿದ್ದನ್ನು ನಾನೇ ಬರೆಯುತ್ತೇನೆ ಅಂತ ಅವಳ ಬಾಯಿ ಕಟ್ಟಿದ್ದೆ.

ಅವತ್ತು ಮೇಸ್ತ್ರಿ ಚಾನಲ್ಲಿನಲ್ಲಿ ಕೂಗಿದ: "ಕ್ರೇನ್, ಕೆಳಗಿಳಿ. ನಿಮ್ಮಕ್ಕ ಹೇಳ್ತಿದಾರೆ." ಮೂವತ್ತನಾಲ್ಕು ವರ್ಷದ ಹೆಂಗಸಿಗೆ, ನಲವತ್ತು ಜನ ಕೇಳುವಂತೆ! ಆದರೆ ಈ ಸಲ ಯಾರೂ ನಗಲಿಲ್ಲ. ಸರಳಿನ ಕಟ್ಟು ಅರ್ಧ ದಾರಿಯಲ್ಲಿತ್ತು. ಅದನ್ನು ಇಳಿಸಿಯೇ ನಾನು ಇಳಿದೆ. ನೂರನೇ ಮೆಟ್ಟಿಲಿನ ಹತ್ತಿರ ಎಡಗಾಲು ನನ್ನದಲ್ಲ ಅನ್ನಿಸಿತು. ಕೆಳಗೆ ವೆಲ್ಡರ್ ಮುಖವಾಡ ತಲೆಯ ಮೇಲೆ ಎತ್ತಿಕೊಂಡು ಅಳುತ್ತಾ ನಿಂತಿದ್ದಳು. ನರ್ಸಮ್ಮ ಹೇಳಿದ್ದನ್ನು ಅವಳೂ ಕೇಳಿಸಿಕೊಂಡಿದ್ದಳು. ಈಗಲೂ ನನ್ನ ಮಂಚದ ಹತ್ತಿರ ಬಂದರೆ ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡೇ ಕೂರುತ್ತಾಳೆ.

ಸ್ಕ್ಯಾನ್ ಮಾಡಿದರು. ಮೀನಖಂಡದಿಂದ ಮಂಡಿಯ ಮೇಲಿನವರೆಗೆ ಹೆಪ್ಪು. ಎದೆಗೆ ಹೋಗಿರಲಿಲ್ಲ. ಇನ್ನೆರಡು ದಿನ ಬಿಟ್ಟಿದ್ದರೆ ಹೇಳಲಾಗುತ್ತಿರಲಿಲ್ಲ ಅಂದರು. ರಕ್ತ ತೆಳುವಾಗಿಸುವ ಔಷಧಿ ಕನಿಷ್ಠ ಮೂರು ತಿಂಗಳು, ಅಲ್ಲಿಯವರೆಗೆ ಕ್ರೇನು ಹತ್ತುವ ಹಾಗಿಲ್ಲ. ಆ ಮಾತ್ರೆ ನನಗೆ ಜನ್ಮದಲ್ಲಿ ಬೇಡ. ಡಾಕ್ಟರಮ್ಮನೇ ಬಂದು ನೋಡಿದಳು. "ಮುಟ್ಟು ಮುಂದೂಡಿದ್ದು ತಪ್ಪಲ್ಲಮ್ಮ. ಅದರಲ್ಲಿರೋ ಒಂದು ಹಾರ್ಮೋನು ನಿನ್ನ ಮೈಗೆ ಆಗಲ್ಲ. ಬೇರೆ ದಾರಿ ಇದೆ, ಕಾಲು ಸರಿಯಾಗ್ಲಿ, ಮಾತಾಡೋಣ. ಈ ಸಲ ಮನೆ ವಿಷಯ ಪೂರ್ತಿ ಹೇಳು," ಅಂದಳು. ಮುಟ್ಟೂ ಬಂದಿದೆ, ಆ ಔಷಧಿಯ ದೆಸೆಯಿಂದ ವಿಪರೀತ. ಎದ್ದರೆ ತಲೆ ಸುತ್ತುತ್ತದೆ. ಯಾವುದನ್ನು ತಪ್ಪಿಸಿಕೊಳ್ಳಲು ಹೋದೆನೋ ಅದರ ಜೊತೆಯೇ ಮಲಗಿದ್ದೇನೆ.

ನಿನ್ನ ಪತ್ರ ಬಂದು ಒಂದು ವಾರವಾಯಿತು. ಮೂರು ದಿನ ನಿನ್ನ ಮೇಲೆ ಎಷ್ಟು ಸಿಟ್ಟು ಬಂತು ಅಂದರೆ, ಎದುರಿಗಿದ್ದಿದ್ದರೆ ಏನು ಅನ್ನುತ್ತಿದ್ದೆನೋ. ಮುಚ್ಚಿಟ್ಟಿದ್ದಕ್ಕಲ್ಲ. ಹದ್ದನ್ನೂ ಕಿತ್ತುಕೊಂಡೆಯಲ್ಲ, ಅದಕ್ಕೆ. ನನ್ನ ಹತ್ತಿರ ಅಮ್ಮ ಅಂತ ಇದ್ದದ್ದು ಅದೊಂದೇ.

ನಾಲ್ಕನೇ ದಿನ ಡಾಕ್ಟರಮ್ಮನನ್ನು ಒಂದು ಪ್ರಶ್ನೆ ಕೇಳಿದೆ. ಒಂಬತ್ತು ವರ್ಷದ ಮಗು ಇಂಥ ಕಾಲನ್ನು ಒತ್ತಿದರೆ, ಅದರಿಂದಲೇ ಆಯಿತು ಅನ್ನಬಹುದಾ ಅಂತ. "ಯಾರಿಗೂ ಹೇಳೋಕಾಗಲ್ಲ," ಅಂದಳು. "ನೀರು ಕುಡಿಯೋಕೆ ಎದ್ದು ಕೂತ್ರೂ ಕಳಚಿಕೊಳ್ಳಬಹುದಿತ್ತು, ಮಗ್ಗುಲು ಬದಲಿಸಿದ್ರೂ ಆಗಬಹುದಿತ್ತು. ಕಾಲು ಊದಿ ನಾಲ್ಕು ದಿನ ಡಾಕ್ಟರನ್ನ ಕರೀದೆ ಇದ್ದ ದೊಡ್ಡವರನ್ನ ಕೇಳಿ. ಮಗೂನ ಯಾಕೆ ಕೇಳ್ತೀರಾ?" ನಾನು ಹೇಳಿದ್ದಲ್ಲ, ಅವಳು ಹೇಳಿದ್ದು. ನೀನು ಆಸ್ಪತ್ರೆಯವರ ಮಾತು ನಂಬುವವಳಲ್ಲವಾ, ಇದನ್ನೂ ನಂಬು.

ಇನ್ನೊಂದು ವಿಷಯ. ಮಲಗಿ ಮಲಗಿ ಸೂರು ನೋಡುವುದೇ ಕೆಲಸವಾಗಿದೆ, ಹಾಗಾಗಿ ಯೋಚನೆ ಮಾಡಿದೆ. ಮಹಡಿಯದ್ದು ಬರೀ ನೀನು ಹೇಳಿದ ಕಥೆಯಾಗಿದ್ದರೆ ನನಗೆ ಕಥೆ ಮಾತ್ರ ನೆನಪಿರಬೇಕಿತ್ತು. ನನಗೆ ಬೇರೆಯೂ ನೆನಪಿದೆ. ಸೊಂಟದ ಮೂಳೆ ನನಗೆ ಒತ್ತುತ್ತಿತ್ತು, ಅಷ್ಟು ಸಣ್ಣ ಸೊಂಟ. ಮೆಟ್ಟಿಲು ಹತ್ತುವಾಗ ಏದುಸಿರು. ಮತ್ತೆ ಕುತ್ತಿಗೆಯ ಪಕ್ಕ ಒಂದು ಜಡೆ, ಅದರ ತುದಿಯಲ್ಲಿ ಕೆಂಪು ರಿಬ್ಬನ್ನು. ಅದನ್ನು ನಾನು ಜಗಿಯುತ್ತಿದ್ದೆ. ಅದರ ರುಚಿ ಇವತ್ತಿಗೂ ಗೊತ್ತು ನನಗೆ. ಯಾವ ಅಮ್ಮ ಶಾಲೆಯ ರಿಬ್ಬನ್ನು ಕಟ್ಟುತ್ತಾಳೆ ಅಕ್ಕಾ?

ಬಾ. ಕಾಲನ್ನು ಎರಡು ದಿಂಬಿನ ಮೇಲೆ ಇಟ್ಟುಕೊಂಡಿದ್ದೇನೆ. ಏನೂ ಮಾಡಬೇಡ, ಪಕ್ಕದಲ್ಲಿ ಕೂತಿರು.

ಮೊಂಡಿ


9 ಜೂನ್

ಮೊಂಡೀ,

ಹದಿನೈದು ದಿನ ರಜೆ ಬರೆದುಕೊಟ್ಟಿದ್ದೇನೆ. ಇಪ್ಪತ್ತೇಳು ವರ್ಷದಲ್ಲಿ ಇಷ್ಟುದ್ದದ್ದು ಇದೇ ಮೊದಲು. ಮೇಲಿನವರು ಕಾರಣ ಕೇಳಿದರು. ಹೊಟ್ಟೆನೋವು ಅನ್ನಲಿಲ್ಲ, ಇದ್ದದ್ದನ್ನೇ ಹೇಳಿದೆ. ಗುರುವಾರದ ಬಸ್ಸಿಗೆ ಬರುತ್ತೇನೆ. ನಿನ್ನ ಬಟ್ಟೆ, ಚಾದರ ಏನಿದ್ದರೂ ತಣ್ಣೀರಲ್ಲಿ ನೆನೆಸಿ ಇಡಲು ವೆಲ್ಡರಿಗೆ ಹೇಳು, ಬಿಸಿನೀರು ಹಾಕಿದರೆ ಕಲೆ ನಿಂತುಬಿಡುತ್ತದೆ. ಮಿಕ್ಕಿದ್ದು ನಾನು ನೋಡಿಕೊಳ್ಳುತ್ತೇನೆ. ಅವಳ ಕೈಯ ತಪ್ಪಲ್ಲ ಅಂತಲೂ ಹೇಳು. ಬೇಡ, ನಾನೇ ಬಂದು ಹೇಳುತ್ತೇನೆ.

ಹೌದು, ನಾನೇ. ಅತ್ತೆಯ ಮನೆಯ ಮಹಡಿಗೆ. ಶಾಲೆಯಿಂದ ಬಂದ ತಕ್ಷಣ ನೀನು ಕೈ ಚಾಚುತ್ತಿದ್ದೆ, ಬಟ್ಟೆ ಬದಲಿಸಲೂ ಬಿಡುತ್ತಿರಲಿಲ್ಲ. ರಿಬ್ಬನ್ನಿನ ತುದಿ ಯಾವಾಗಲೂ ಒದ್ದೆ, ಅದಕ್ಕೆ ಟೀಚರ್ ಹತ್ತಿರ ಬೈಸಿಕೊಳ್ಳುತ್ತಿದ್ದೆ. ಅಮ್ಮ ಅಂತ ಹೇಳಿದರೆ ನಿನಗೆ ಒಬ್ಬಳು ಅಮ್ಮ ಸಿಗುತ್ತಾಳೆ ಅಂತ ಹಾಗೆ ಹೇಳಿದೆ.

ಮೆಟ್ಟಿಲು ಇಪ್ಪತ್ತೆರಡು. ನೀನು ಭಾರ ಇದ್ದೆ. ಒಂದು ದಿನವೂ ಕೈಬಿಟ್ಟಿಲ್ಲ.

ಅಕ್ಕ